ಕಾಂಟಾದ ಹೊಟ್ಟೆಯೊಳಗೆ: ಒಂದು ಮೈಕ್ರೋವೋಲ್ಟನ್ನು ನಂಬುವುದು ಹೇಗೆ?

ಜನವರಿ ಬಂತೆಂದರೆ ಕಲಬುರಗಿಯ ನೆಹರೂ ಗಂಜ್‌ನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಆಳಂದ, ಚಿಂಚೋಳಿ, ಸೇಡಂ, ಚಿತ್ತಾಪುರದ ಕಡೆಯಿಂದ ತೊಗರಿ ತುಂಬಿದ ಗಾಡಿಗಳು ಬಂದು ನಿಲ್ಲುತ್ತವೆ. ಹಮಾಲರು ಚೀಲ ಇಳಿಸಿ ಕಾಂಟಾದ, ಅಂದರೆ ಎಲೆಕ್ಟ್ರಾನಿಕ್ ತೂಕದ ಯಂತ್ರದ, ಮೇಲೆ ಇಡುತ್ತಾರೆ. ಕೆಂಪು ಅಂಕಿ ನೋಡಿ ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮುಂಗಾರಿನಿಂದ ಚಳಿಗಾಲದವರೆಗೆ ಪಟ್ಟ ಕಷ್ಟಕ್ಕೆ ಬೆಲೆ ಕಟ್ಟುವುದು ಆ ಕೆಂಪು ಅಂಕಿ.

ಈ ಸುಗ್ಗಿಯಲ್ಲಿ ಅಲ್ಲಿ ನಿಂತಿದ್ದಾಗ ಹಿರಿಯ ರೈತರೊಬ್ಬರು ಖಾಲಿ ಕಾಂಟಾದ ಕಡೆ ಬೆರಳು ಮಾಡಿ ಕೇಳಿದರು: “ಮ್ಯಾಲ ಏನೂ ಇಟ್ಟಿಲ್ಲ. ಆದ್ರೂ ನಲವತ್ತು ಗ್ರಾಂ ತೋರಸ್ಲಾಕತ್ತದ. ಮುಂಜಾನಿ ಸೊನ್ನಿ ಇತ್ತು. ಹಿಂಗ್ಯಾಕ್ರಿ?”

ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಅಲ್ಲೇ ಎರಡು ಮಾತಿನಲ್ಲಿ ಉತ್ತರ ಕೊಟ್ಟೆ. ಆದರೆ ಆ ಪ್ರಶ್ನೆಗೆ ಎರಡು ಮಾತು ಸಾಲದು. ತೀರಾ ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡಿ, ನಂಬುವಂಥ ಅಂಕಿಯಾಗಿಸುವ ದೊಡ್ಡ ವಿದ್ಯೆಯೊಂದು ಆ 40 ಗ್ರಾಂನ ಹಿಂದೆ ಇದೆ. ಅದನ್ನು ಬುಡದಿಂದ ನೋಡೋಣ.

## ತೂಕ ವೋಲ್ಟ್ ಆಗುವ ಜಾಗ

ಕಾಂಟಾದ ತಟ್ಟೆಯ ಕೆಳಗೆ ಒಂದು ಗಟ್ಟಿ ಅಲ್ಯುಮಿನಿಯಂ ತುಂಡು ಇರುತ್ತದೆ. ಅದೇ ಲೋಡ್ ಸೆಲ್. ಚೀಲ ಇಟ್ಟಾಗ ಅದು ಬಾಗುತ್ತದೆ, ಆದರೆ ಕಣ್ಣಿಗೆ ಕಾಣುವಷ್ಟಲ್ಲ. ಪೂರ್ತಿ ಭಾರ ಬಿದ್ದಾಗಲೂ ಅದರ ಮೈ ಹಿಗ್ಗುವುದು ಸುಮಾರು ಸಾವಿರದಲ್ಲಿ ಒಂದು ಪಾಲು. ಒಂದು ಮೀಟರ್ ಪಟ್ಟಿ ಒಂದು ಮಿಲಿಮೀಟರ್ ಹಿಗ್ಗಿದ ಹಾಗೆ.

ಆ ಲೋಹದ ಮೈಗೆ ನಾಲ್ಕು ಪುಟ್ಟ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಇವಕ್ಕೆ ಸ್ಟ್ರೇನ್ ಗೇಜ್ ಎಂದು ಹೆಸರು. ಒಳಗೆ ಕೂದಲಿಗಿಂತ ತೆಳ್ಳಗಿನ ಲೋಹದ ಹಾಳೆ ಹಾವಿನಂತೆ ಅಂಕುಡೊಂಕಾಗಿ ಮಲಗಿರುತ್ತದೆ. ಲೋಹವನ್ನು ಎಳೆದರೆ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ. ಆಗ ಕರೆಂಟ್ ಹರಿಯುವ ದಾರಿ ಇಕ್ಕಟ್ಟಾಗುತ್ತದೆ. ಈ ಇಕ್ಕಟ್ಟಿಗೇ ರೆಸಿಸ್ಟೆನ್ಸ್ ಎನ್ನುವುದು. ಅದನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆ ಬೇರೆ ಕಡೆ ಕೂತು, ಒಬ್ಬರ ಕೆಲಸ ಒಬ್ಬರಿಗೆ ಗೊತ್ತಿಲ್ಲದೆ, ಹೀಗೆ ಅಂಟಿಸುವ ಸ್ಟ್ರೇನ್ ಗೇಜನ್ನು ರೂಪಿಸಿದರು.

ಮಾಮೂಲಿ ಲೋಡ್ ಸೆಲ್‌ನಲ್ಲಿ ಒಂದೊಂದು ಪಟ್ಟಿ 350 ಓಮ್ ಇರುತ್ತದೆ. ಪೂರ್ತಿ ಭಾರ ಬಿದ್ದರೆ ಅದು 350.7 ಓಮ್ ಆಗುತ್ತದೆ. ಬದಲಾದದ್ದು ಮುಕ್ಕಾಲು ಓಮ್ ಕೂಡ ಅಲ್ಲ! ಅದನ್ನು ನೇರವಾಗಿ ಅಳೆಯಲು ಹೋದರೆ ತಂತಿಯ ರೆಸಿಸ್ಟೆನ್ಸೇ ಅದನ್ನು ನುಂಗಿಬಿಡುತ್ತದೆ.

ಹಾಗಾಗಿ ನಾಲ್ಕೂ ಪಟ್ಟಿಗಳನ್ನು ಚೌಕವಾಗಿ ಜೋಡಿಸುತ್ತಾರೆ. ಒಂದೇ ಕೆರೆಯಿಂದ ಎರಡು ಕಾಲುವೆ ಹೊರಟು, ಕೊನೆಗೆ ಒಂದೇ ಹಳ್ಳಕ್ಕೆ ಬಿದ್ದವು ಅಂದುಕೊಳ್ಳಿ. ಎರಡೂ ಕಾಲುವೆ ಒಂದೇ ತರ ಇದ್ದರೆ ನಡುವಿನಲ್ಲಿ ನೀರಿನ ಮಟ್ಟವೂ ಒಂದೇ ಇರುತ್ತದೆ. ಒಂದರ ಮೇಲ್ಭಾಗ, ಇನ್ನೊಂದರ ಕೆಳಭಾಗ ಸ್ವಲ್ಪ ಇಕ್ಕಟ್ಟಾದರೆ ಮಟ್ಟ ಹೆಚ್ಚುಕಡಿಮೆ ಆಗುತ್ತದೆ. ಲೋಡ್ ಸೆಲ್‌ನಲ್ಲಿ ಎರಡು ಪಟ್ಟಿ ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ಒಂದು ಕಡೆಯ ನಡುಬಿಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ನಾವು ಅಳೆಯುವುದು ಆ ವ್ಯತ್ಯಾಸವನ್ನು ಮಾತ್ರ. ಈ ಜೋಡಣೆಯನ್ನು 1833ರಲ್ಲಿ ಕಂಡುಹಿಡಿದವರು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ಹತ್ತು ವರ್ಷದ ನಂತರ ಅದನ್ನು ಎಲ್ಲರಿಗೂ ತಿಳಿಸಿಕೊಟ್ಟವರು ಚಾರ್ಲ್ಸ್ ವೀಟ್‌ಸ್ಟನ್. ಕ್ರಿಸ್ಟಿಯವರಿಗೇ ಸಲ್ಲಬೇಕು ಎಂದು ವೀಟ್‌ಸ್ಟನ್ ಹೇಳಿದರೂ ಹೆಸರು ಮಾತ್ರ ವೀಟ್‌ಸ್ಟನ್ ಬ್ರಿಡ್ಜ್ ಎಂದೇ ಉಳಿಯಿತು.

## ಒಂದು ಕಿಲೋ ಅಂದರೆ ಎಷ್ಟು ವೋಲ್ಟ್?

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

200 ಕಿಲೋ ತಡೆಯುವ ಲೋಡ್ ಸೆಲ್ ತೆಗೆದುಕೊಳ್ಳೋಣ. ಅದಕ್ಕೆ 5 ವೋಲ್ಟ್ ಕೊಡುತ್ತೇವೆ. ಸಾಮಾನ್ಯವಾಗಿ ಸಿಗುವ ಲೋಡ್ ಸೆಲ್‌ಗಳು ಪೂರ್ತಿ ಭಾರಕ್ಕೆ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುತ್ತವೆ. ಅಂದರೆ 200 ಕಿಲೋಗೆ 10 ಮಿಲಿವೋಲ್ಟ್. ಮಿಲಿವೋಲ್ಟ್ ಎಂದರೆ ವೋಲ್ಟಿನ ಸಾವಿರದಲ್ಲಿ ಒಂದು ಪಾಲು, ಮೈಕ್ರೋವೋಲ್ಟ್ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಭಾಗಿಸಿ ನೋಡಿದರೆ 1 ಕಿಲೋಗೆ 50 ಮೈಕ್ರೋವೋಲ್ಟ್. 20 ಗ್ರಾಂಗೆ ಒಂದೇ ಒಂದು ಮೈಕ್ರೋವೋಲ್ಟ್.

ಟಾರ್ಚಿಗೆ ಹಾಕುವ ಸೆಲ್ 1.5 ವೋಲ್ಟ್ ಇರುತ್ತದೆ ಅಲ್ವಾ? ಅದನ್ನು 15 ಲಕ್ಷ ಪಾಲು ಮಾಡಿ ಒಂದು ಪಾಲು ಎತ್ತಿಕೊಂಡರೆ ನಮ್ಮ 20 ಗ್ರಾಂ. ಆ ರೈತರು ಕಂಡ 40 ಗ್ರಾಂ ಅಂದರೆ ಅಂಥ ಎರಡು ಪಾಲು.

ಇದನ್ನು ಓದಿ ಅಂಕಿ ಮಾಡುವ ಚಿಪ್‌ಗೆ ವೋಲ್ಟುಗಳ ಲೆಕ್ಕದಲ್ಲಿ ಸಂಕೇತ ಬೇಕು. ಹಾಗಾಗಿ ನಡುವೆ ಒಂದು ಆಂಪ್ಲಿಫೈಯರ್ ಕೂರುತ್ತದೆ. ಅದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಅದಕ್ಕೆ ಗೇನ್ ಎಂದು ಹೆಸರು. 400 ಪಟ್ಟು ಗೇನ್ ಕೊಟ್ಟರೆ 200 ಕಿಲೋಗೆ 4 ವೋಲ್ಟ್ ಬರುತ್ತದೆ, 50 ಕಿಲೋ ಚೀಲಕ್ಕೆ 1 ವೋಲ್ಟ್.

## ದೊಡ್ಡದು ಮಾಡಿದರೆ ಸಾಲದು, ಹೇಳಿದಷ್ಟೇ ಮಾಡಬೇಕು

ದೊಡ್ಡದು ಮಾಡುವುದು ಕಷ್ಟವಲ್ಲ. ಜಾತ್ರೆಯ ಧ್ವನಿವರ್ಧಕವೂ ದೊಡ್ಡದು ಮಾಡುತ್ತದೆ. 400 ಪಟ್ಟು ಎಂದರೆ ಬೆಳಿಗ್ಗೆಯೂ 400, ಮಧ್ಯಾಹ್ನವೂ 400, ಹತ್ತು ವರ್ಷದ ನಂತರವೂ 400 ಇರಬೇಕು. ಕಷ್ಟ ಇರುವುದು ಅಲ್ಲಿ.

ಆಂಪ್ಲಿಫೈಯರ್‌ನ ಒಳಗೆ ಇರುವುದು ಆಪ್-ಆಂಪ್ ಎಂಬ ಚಿಪ್. ಅದರ ಸ್ವಂತ ಗೇನ್ ಲಕ್ಷಗಟ್ಟಲೆ. ಆದರೆ ಆ ಗೇನ್‌ಗೆ ಹೊಣೆ ಇಲ್ಲ. ಒಂದು ಚಿಪ್‌ನಲ್ಲಿ ಒಂದು ಲಕ್ಷ ಇದ್ದರೆ ಅದೇ ಪೊಟ್ಟಣದ ಇನ್ನೊಂದರಲ್ಲಿ ಎರಡು ಲಕ್ಷ. ಬಿಸಿಲು ಹೆಚ್ಚಿದರೆ ಅದೂ ಬದಲು.

ಬಲವಾದ ಎತ್ತನ್ನು ನೆನೆಸಿಕೊಳ್ಳಿ. ಗಾಡಿ ಎಷ್ಟು ವೇಗ ಹೋಗಬೇಕು ಎಂಬುದನ್ನು ಎತ್ತಿನ ಬಲ ಹೇಳುವುದಿಲ್ಲ, ಕೈಯಲ್ಲಿರುವ ಹಗ್ಗ ಹೇಳುತ್ತದೆ. ಬಲ ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ಸಾಕು. ಆಪ್-ಆಂಪ್‌ಗೆ ಈ ಹಗ್ಗವೇ ಫೀಡ್‌ಬ್ಯಾಕ್. ಹೊರಗೆ ಬಂದ ಸಂಕೇತದ ಒಂದು ಪಾಲನ್ನು ತಿರುಗಿಸಿ ಬಾಗಿಲಿಗೆ ತಂದು, ಒಳಬಂದದ್ದರಿಂದ ಕಳೆಯುತ್ತಾರೆ. ಹೆಚ್ಚಾದರೆ ತಾನೇ ಎಳೆದುಕೊಳ್ಳುತ್ತದೆ, ಕಡಿಮೆಯಾದರೆ ಬಿಡುತ್ತದೆ.

ಲೆಕ್ಕ ನೋಡಿ. 100 ಪಟ್ಟು ಗೇನ್ ಬರುವಂತೆ ಹಗ್ಗ ಹಿಡಿದಿದ್ದೇವೆ. ಚಿಪ್‌ನ ಸ್ವಂತ ಗೇನ್ ಒಂದು ಲಕ್ಷ ಇದ್ದರೆ ನಮಗೆ ಸಿಗುವುದು 99.90. ಸ್ವಂತ ಗೇನ್ ಎರಡು ಲಕ್ಷ ಆದರೆ 99.95. ಒಳಗೆ ದುಪ್ಪಟ್ಟು ಬದಲಾಯಿತು, ಹೊರಗೆ ಎರಡು ಸಾವಿರದಲ್ಲಿ ಒಂದು ಪಾಲು ಬದಲಾಯಿತು. ಈಗ ಗೇನ್ ನಿಂತಿರುವುದು, ಎಷ್ಟು ಪಾಲು ತಿರುಗಿ ಬರಬೇಕೆಂದು ಹೇಳುವ ಎರಡು ರೆಸಿಸ್ಟರ್‌ಗಳ (ಇಂತಿಷ್ಟೇ ಓಮ್ ಇರುವಂತೆ ಮಾಡಿದ ಬಿಡಿಭಾಗಗಳ) ಅನುಪಾತದ ಮೇಲೆ. ಒಳ್ಳೆಯ ರೆಸಿಸ್ಟರ್ ಬಿಸಿಲಿಗೂ ಹೆಚ್ಚು ಕದಲುವುದಿಲ್ಲ.

ಇದು ಹೊಳೆದದ್ದು ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರ್‌ಗೆ, 1927ರ ಆಗಸ್ಟ್ 2ರ ಬೆಳಿಗ್ಗೆ. ಅವರು ಕೆಲಸಕ್ಕೆ ಹೋಗಲು ನ್ಯೂಯಾರ್ಕ್‌ನ ಹಡ್ಸನ್ ನದಿ ದಾಟುತ್ತಿದ್ದರು. ದೋಣಿಯಲ್ಲೇ ಕೈಯಲ್ಲಿದ್ದ ದಿನಪತ್ರಿಕೆಯ ಖಾಲಿ ಜಾಗದಲ್ಲಿ ಸಮೀಕರಣ ಬರೆದರು. ಗೇನ್ ಬಿಟ್ಟುಕೊಟ್ಟು ನಂಬಿಕೆ ಕೊಳ್ಳುವುದು ಆಗಿನವರಿಗೆ ವಿಚಿತ್ರವಾಗಿ ಕಂಡಿತ್ತು. ಇವತ್ತು ಅಳತೆಯ ಯಾವ ಯಂತ್ರ ಬಿಚ್ಚಿದರೂ ಇದೇ ಇದೆ.

## ಕೋಟೆ ಗೋಡೆಯ ಮೇಲಿನ ಇಬ್ಬರು ಹುಡುಗರು

ಈಗ ನಿಜವಾದ ತೊಡಕು. ಬ್ರಿಡ್ಜ್‌ಗೆ 5 ವೋಲ್ಟ್ ಕೊಟ್ಟಿದ್ದೇವೆ. ಹಾಗಾಗಿ ಎರಡೂ ನಡುಬಿಂದುಗಳು 2.5 ವೋಲ್ಟ್ ಆಸುಪಾಸಿನಲ್ಲೇ ಇರುತ್ತವೆ. ನಮಗೆ ಬೇಕಾದ ಮೈಕ್ರೋವೋಲ್ಟುಗಳು ಆ 2.5 ವೋಲ್ಟಿನ ನೆತ್ತಿಯ ಮೇಲೆ ಕೂತಿವೆ.

ಕಲಬುರಗಿ ಕೋಟೆಯ ಗೋಡೆ ಮೇಲೆ ಇಬ್ಬರು ಹುಡುಗರು ನಿಂತಿದ್ದಾರೆ. ಯಾರು ಎಷ್ಟು ಹೆಚ್ಚು ಎತ್ತರ ಎಂದು ತಿಳಿಯಬೇಕು. ಕೆಳಗೆ ಕಂದಕದಿಂದ ಹಗ್ಗ ಹಿಡಿದು ಒಬ್ಬನ ನೆತ್ತಿಯವರೆಗೆ ಅಳೆದು, ಮತ್ತೆ ಇನ್ನೊಬ್ಬನ ನೆತ್ತಿಯವರೆಗೆ ಅಳೆದು, ಕಳೆದು ನೋಡಬಹುದು. ಆದರೆ ಹಗ್ಗ ಒಂದು ಬೆರಳು ಜಗ್ಗಿದರೂ ಲೆಕ್ಕ ಕೆಟ್ಟಿತು. ಅದರ ಬದಲು ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದರೆ? ಗೋಡೆ ಎಷ್ಟು ಎತ್ತರ ಇದ್ದರೂ ಚಿಂತೆ ಇಲ್ಲ.

ಬೆನ್ನಿಗೆ ಬೆನ್ನು ಹಚ್ಚಿ ಅಳೆಯುವ ಆಂಪ್ಲಿಫೈಯರ್‌ಗೆ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಎನ್ನುತ್ತಾರೆ. ಎರಡೂ ತಂತಿಗಳಲ್ಲಿ ಸಮನಾಗಿ ಇರುವುದನ್ನು ಅದು ಬಿಡಬೇಕು, ವ್ಯತ್ಯಾಸವನ್ನು ಮಾತ್ರ ಹಿಗ್ಗಿಸಬೇಕು.

ಗಂಜ್‌ನಲ್ಲಿ ಸಮನಾಗಿ ಬರುವುದು ಆ 2.5 ವೋಲ್ಟ್ ಒಂದೇ ಅಲ್ಲ. ಪಕ್ಕದಲ್ಲಿ ಚೀಲ ಹೊಲಿಯುವ ಮೆಷಿನ್, ತಲೆ ಮೇಲೆ ಫ್ಯಾನ್, ಟ್ಯೂಬ್‌ಲೈಟ್. ನಮ್ಮ ಮನೆಗಳ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಆ ಗುಂಯ್‌ಗುಟ್ಟುವಿಕೆ ಲೋಡ್ ಸೆಲ್‌ನ ಎರಡೂ ತಂತಿಗೆ ಒಂದೇ ತರ ಅಂಟಿಕೊಳ್ಳುತ್ತದೆ. ಅದು ಹತ್ತನೇ ಒಂದು ವೋಲ್ಟ್ ಇದೆ ಅನ್ನಿ.

ಒಂದೇ ಆಪ್-ಆಂಪ್, ನಾಲ್ಕು ರೆಸಿಸ್ಟರ್ ಇಟ್ಟು ಸರಳ ಸರ್ಕ್ಯೂಟ್ ಮಾಡಿದೆವು. ಅಂಗಡಿಯಲ್ಲಿ ಸಿಗುವ ರೆಸಿಸ್ಟರ್ ನೂರಕ್ಕೆ ಒಂದು ಪಾಲು ಹೆಚ್ಚುಕಡಿಮೆ ಇರುತ್ತದೆ. ಗೇನ್ 1 ಇದ್ದಾಗ ಕೆಟ್ಟ ಹೊಂದಾಣಿಕೆ ಬಿದ್ದರೆ, ಸಮನಾಗಿ ಬಂದದ್ದರಲ್ಲಿ 50ರಲ್ಲಿ ಒಂದು ಪಾಲು ವ್ಯತ್ಯಾಸದ ವೇಷ ಹಾಕಿ ಒಳಗೆ ನುಗ್ಗುತ್ತದೆ. ಹತ್ತನೇ ಒಂದು ವೋಲ್ಟಿನ 50ನೇ ಪಾಲು ಅಂದರೆ 2 ಮಿಲಿವೋಲ್ಟ್. ಕಿಲೋ ಲೆಕ್ಕದಲ್ಲಿ 40 ಕಿಲೋ! ಒಂದು ಫ್ಯಾನ್ ಹಾಕಿದ್ದಕ್ಕೆ ಕಾಂಟಾ ಹುಚ್ಚೆದ್ದು ಕುಣಿಯುತ್ತದೆ.

ಇದಕ್ಕೆ ಮೂರು ಆಪ್-ಆಂಪ್‌ಗಳ ಸರ್ಕ್ಯೂಟ್ ಕೊಟ್ಟ ಉತ್ತರ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಮೊದಲ ಮೆಟ್ಟಿಲಲ್ಲಿ ಎರಡು ಆಪ್-ಆಂಪ್, ಒಂದೊಂದು ತಂತಿಗೆ ಒಂದೊಂದು. ಅವೆರಡರ ನಡುವೆ ಒಂದೇ ಒಂದು ರೆಸಿಸ್ಟರ್ ಸೇತುವೆಯಂತೆ ಇರುತ್ತದೆ. ಎರಡೂ ತಂತಿ ಒಟ್ಟಿಗೆ ಏರಿದರೆ ಸೇತುವೆಯ ಎರಡೂ ತುದಿ ಒಟ್ಟಿಗೆ ಏರುತ್ತವೆ. ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಹಾಗಾಗಿ ಆ ಸಂಕೇತ ಇದ್ದಷ್ಟೇ ಮುಂದೆ ಹೋಗುತ್ತದೆ. ವ್ಯತ್ಯಾಸ ಬಂದಾಗ ಮಾತ್ರ ಸೇತುವೆಯಲ್ಲಿ ಕರೆಂಟ್ ಹರಿಯುತ್ತದೆ, ಆ ವ್ಯತ್ಯಾಸ 400 ಪಟ್ಟು ಹಿಗ್ಗುತ್ತದೆ. ಕೊನೆಯ ಆಪ್-ಆಂಪ್ ಎರಡನ್ನೂ ಕಳೆಯುವಷ್ಟರಲ್ಲಿ ಬೇಕಾದದ್ದು 400 ಪಟ್ಟು ಬೆಳೆದಿದೆ, ಬೇಡವಾದದ್ದು ಇದ್ದಲ್ಲೇ ಇದೆ. 50ರಲ್ಲಿ ಒಂದು ಪಾಲು ನುಗ್ಗುತ್ತಿದ್ದದ್ದು ಈಗ 20,000ದಲ್ಲಿ ಒಂದು ಪಾಲು. 40 ಕಿಲೋ ಕುಣಿತ 100 ಗ್ರಾಂಗೆ ಇಳಿಯಿತು. ರೆಸಿಸ್ಟರ್‌ಗಳನ್ನು ಸಾವಿರಕ್ಕೆ ಒಂದು ಪಾಲಿನಷ್ಟು ಹೊಂದಿಸಿದರೆ 10 ಗ್ರಾಂ.

ಆಸ್ಪತ್ರೆಯ ಇಸಿಜಿ ಯಂತ್ರದ ಬಾಗಿಲಲ್ಲೂ ಇದೇ ಆಂಪ್ಲಿಫೈಯರ್ ಕೂತಿರುತ್ತದೆ. ಎದೆಯ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್, ನಮ್ಮ ಲೆಕ್ಕದಲ್ಲಿ 20 ಕಿಲೋ ತೊಗರಿಯಷ್ಟು.

## ಬಿಸಿಲು ಏರಿದಂತೆ ಸೊನ್ನೆ ಜಾರುತ್ತದೆ

ವಿದ್ಯಾರ್ಥಿಯಾಗಿದ್ದಾಗ ನಾನು ಒಂದು ಕಾಂಟಾ ಮಾಡಿದ್ದೆ. ಎಲ್‌ಎಂ 358 ಎಂಬ ಅಗ್ಗದ ಚಿಪ್ ಹಾಕಿದ್ದೆ. ಬೆಳಿಗ್ಗೆ ಏಳಕ್ಕೆ ಮನೆ ಜಗಲಿಯಲ್ಲಿ ಅದು ಚೆನ್ನಾಗಿ ತೂಗಿತು. ಅಪ್ಪ ಒಂದು ಸೇರು ಬೇಳೆ ಇಟ್ಟು ನೋಡಿ ತಲೆದೂಗಿದರು. ಮಧ್ಯಾಹ್ನ ಎರಡಕ್ಕೆ ಬಂದು ನೋಡಿದರೆ ಖಾಲಿ ತಟ್ಟೆಗೆ ಎರಡು ಕಿಲೋ ಹತ್ತಿರ ತೋರಿಸುತ್ತಿತ್ತು. ತಂತಿ ಎಲ್ಲೋ ಬಿಟ್ಟಿದೆ ಎಂದು ಸಂಜೆವರೆಗೆ ಹುಡುಕಿದೆ. ಸಂಜೆ ತಂಪಾದ ಮೇಲೆ ಅದು ತಾನಾಗಿ ಸೊನ್ನೆಗೆ ಬಂತು.

ತಂತಿ ಬಿಟ್ಟಿರಲಿಲ್ಲ. ಯಾವ ಆಪ್-ಆಂಪ್ ಕೂಡ ಒಳಬಾಗಿಲಲ್ಲಿ ಪೂರ್ತಿ ಸಮತೋಲದಲ್ಲಿ ಇರುವುದಿಲ್ಲ. ಏನೂ ಕೊಡದಿದ್ದರೂ ಸ್ವಲ್ಪ ವೋಲ್ಟ್ ಇದ್ದಂತೆ ವರ್ತಿಸುತ್ತದೆ. ಇದಕ್ಕೆ ಆಫ್‌ಸೆಟ್ ಎಂದು ಹೆಸರು. ಹಳೆಯ ತಕ್ಕಡಿಯ ಒಂದು ತಟ್ಟೆಗೆ ಹುಣಸೆಹಣ್ಣು ಅಂಟಿದ ಹಾಗೆ. ಅಂಟಿದ್ದು ಅಷ್ಟೇ ಇದ್ದರೆ ಕಳೆದು ಲೆಕ್ಕ ಹಾಕಬಹುದು. ಆದರೆ ಅದು ಬಿಸಿಲಿನ ಜೊತೆ ಹೆಚ್ಚುಕಡಿಮೆ ಆಗುತ್ತದೆ. ಅದೇ ಡ್ರಿಫ್ಟ್.

ನಮ್ಮಲ್ಲಿ ಜನವರಿಯ ಬೆಳಿಗ್ಗೆ 15 ಡಿಗ್ರಿ ಆಸುಪಾಸು ಇದ್ದರೆ ಮಧ್ಯಾಹ್ನ 30 ಡಿಗ್ರಿ ಆಸುಪಾಸು. ಹದಿನೈದು ಡಿಗ್ರಿ ವ್ಯತ್ಯಾಸ. ಎಲ್‌ಎಂ 358ರ ಆಫ್‌ಸೆಟ್ ಡಿಗ್ರಿಗೆ ಸುಮಾರು 7 ಮೈಕ್ರೋವೋಲ್ಟ್ ಜಾರುತ್ತದೆ. ಹದಿನೈದು ಏಳಲೆ 105 ಮೈಕ್ರೋವೋಲ್ಟ್. ಕಿಲೋಗೆ 50ರಂತೆ 2.1 ಕಿಲೋ. ಜಗಲಿಯಲ್ಲಿ ನಾನು ಕಂಡದ್ದು ಇದನ್ನೇ. ಎಡಿ 620 ಎಂಬ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್‌ನ ಒಳ್ಳೆ ದರ್ಜೆ ಚಿಪ್ ಡಿಗ್ರಿಗೆ ಹೆಚ್ಚೆಂದರೆ 0.6 ಮೈಕ್ರೋವೋಲ್ಟ್ ಜಾರುತ್ತದೆ. ಅದರಲ್ಲಿ ತಪ್ಪು 180 ಗ್ರಾಂ. ಇನ್ನೂ ಒಂದು ಜಾತಿ ಇದೆ, ಅದಕ್ಕೆ ಚಾಪರ್ ಎನ್ನುತ್ತಾರೆ. ಅದು ಒಳಗಿನ ಸಂಕೇತವನ್ನು ಸೆಕೆಂಡಿಗೆ ಸಾವಿರಾರು ಸಲ ತಿರುವು ಮುರುವು ಮಾಡಿ, ತನ್ನ ಆಫ್‌ಸೆಟ್ಟನ್ನು ತಾನೇ ಬೇರ್ಪಡಿಸಿ ತೆಗೆಯುತ್ತದೆ. ತಕ್ಕಡಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಕಲ್ಲು, ಕಾಳು ಎರಡನ್ನೂ ತಟ್ಟೆ ಬದಲಿಸಿ ಇನ್ನೊಮ್ಮೆ ತೂಗುತ್ತೇವಲ್ಲ, ಹಾಗೆ. ಅದು ಜಾರುವುದು ಡಿಗ್ರಿಗೆ 0.05 ಮೈಕ್ರೋವೋಲ್ಟ್. ತಪ್ಪು 15 ಗ್ರಾಂ.

## ಸೊನ್ನೆ ಗುಂಡಿ ಸರಿಮಾಡುವುದು ಅರ್ಧ ಮಾತ್ರ

ಖಾಲಿ ಕಾಂಟಾ 40 ಗ್ರಾಂ ತೋರಿಸಿದರೆ ಸೊನ್ನೆ ಗುಂಡಿ ಒತ್ತಿದರೆ ಸಾಕು. ಆಗ ಯಂತ್ರ ಆ ಹೊತ್ತಿನ ಆಫ್‌ಸೆಟ್ಟನ್ನು ನೆನಪಿಟ್ಟುಕೊಂಡು ಪ್ರತಿ ಸಲ ಕಳೆಯುತ್ತದೆ. ಖಾಲಿ ಇದ್ದಾಗ ನಿಧಾನವಾಗಿ ಜಾರುವ ಸೊನ್ನೆಯನ್ನು ತಾನೇ ಸರಿಪಡಿಸಿಕೊಳ್ಳುವ ಕಾಂಟಾಗಳೂ ಇವೆ.

ಆದರೆ ಗೇನ್ ತಪ್ಪಿದ್ದರೆ? ಸೊನ್ನೆಯನ್ನು ಎಷ್ಟು ಪಟ್ಟು ಮಾಡಿದರೂ ಸೊನ್ನೆಯೇ. ಖಾಲಿ ಕಾಂಟಾ ನೋಡಿದರೆ ಗೇನ್‌ನ ತಪ್ಪು ಕಾಣುವುದೇ ಇಲ್ಲ. ಜನ ಮೋಸ ಹೋಗುವ ಜಾಗ ಇದೇ ಎಂದು ನನ್ನ ಅನಿಸಿಕೆ.

ಹತ್ತಿರದಿಂದ ನೋಡೋಣ. ಮೂರು ಆಪ್-ಆಂಪ್ ಸರ್ಕ್ಯೂಟ್‌ನಲ್ಲಿ ಗೇನ್ ಹೇಳುವುದು ಆ ಸೇತುವೆ ರೆಸಿಸ್ಟರ್. ಅದರ ಎರಡೂ ಪಕ್ಕದಲ್ಲಿ 25,000 ಓಮ್‌ನ ಒಂದೊಂದು ರೆಸಿಸ್ಟರ್ ಇದೆ ಅನ್ನಿ, ಒಟ್ಟು 50,000. ಇದನ್ನು ಸೇತುವೆಯ ಓಮ್‌ನಿಂದ ಭಾಗಿಸಿ ಒಂದು ಕೂಡಿಸಿದರೆ ಗೇನ್ ಬರುತ್ತದೆ. ಸೇತುವೆ 125 ಓಮ್ ಇದ್ದರೆ ಗೇನ್ 401. ಈಗ ಅದರ ಬೆಸುಗೆ ಹಳತಾಯಿತು, ಅಥವಾ ತಿರುಗಿಸಿ ಓಮ್ ಹೊಂದಿಸುವ ಪ್ರಿಸೆಟ್ ಎಂಬ ರೆಸಿಸ್ಟರ್ ಇಟ್ಟಿದ್ದರೆ ಅದರೊಳಗೆ ತೊಗರಿ ಹೊಟ್ಟಿನ ಧೂಳು ಕೂತಿತು. ಒಂದೇ ಒಂದು ಓಮ್ ಹೆಚ್ಚಾಯಿತು, 126. ಗೇನ್ 398ಕ್ಕೆ ಇಳಿಯಿತು. 50 ಕಿಲೋ ಚೀಲ ಸುಮಾರು 400 ಗ್ರಾಂ ಕಡಿಮೆ ತೂಗುತ್ತದೆ. ನೂರು ಚೀಲಕ್ಕೆ 40 ಕಿಲೋ. ಖಾಲಿ ಇದ್ದಾಗ ಮಾತ್ರ ಅದೇ ಕಾಂಟಾ ಅಚ್ಚುಕಟ್ಟಾಗಿ ಸೊನ್ನೆ ತೋರಿಸುತ್ತಿರುತ್ತದೆ.

ಇದನ್ನು ಹಿಡಿಯಲು ಇರುವುದು ಒಂದೇ ದಾರಿ. ಗೊತ್ತಿರುವ ತೂಕ ಇಟ್ಟು ನೋಡಬೇಕು.

## ಕರೆಂಟ್ ಏರಿಳಿದರೆ? ಅಂಕಿ ಕುಣಿದರೆ?

ಬ್ಯಾಟರಿ ಇಳಿದು 5 ವೋಲ್ಟ್ 4.9 ಆಯಿತು. ಲೋಡ್ ಸೆಲ್ ಕೂಡ ನೂರಕ್ಕೆ ಎರಡು ಪಾಲು ಕಡಿಮೆ ಕೊಡುತ್ತದೆ. ಹಾಗಾದರೆ 50 ಕಿಲೋ 49 ಆಗಬೇಕಲ್ಲ? ಒಳ್ಳೆ ವಿನ್ಯಾಸದಲ್ಲಿ ಆಗುವುದಿಲ್ಲ. ಅಂಕಿ ಮಾಡುವ ಚಿಪ್‌ಗೂ ಅಳತೆಗೋಲಾಗಿ ಅದೇ 5 ವೋಲ್ಟನ್ನು ಕೊಟ್ಟಿರುತ್ತಾರೆ. ಸಂಕೇತ ಕುಗ್ಗಿದಷ್ಟೇ ಗೋಲೂ ಕುಗ್ಗುತ್ತದೆ, ಅನುಪಾತ ಹಾಗೇ ಉಳಿಯುತ್ತದೆ. ಹಿಂದಿನ ತಕ್ಕಡಿಯ ಗುಟ್ಟೂ ಇದೇ ತಾನೇ? ಎರಡೂ ತಟ್ಟೆಯನ್ನು ಒಂದೇ ಭೂಮಿ ಎಳೆಯುತ್ತದೆ.

ಇನ್ನು ಕುಣಿಯುವ ಅಂಕಿ. 50 ಸಲದ ಏರಿಳಿತದ ಒಂದು ಸುತ್ತು 20 ಮಿಲಿಸೆಕೆಂಡ್. ಸರಿಯಾಗಿ ಐದು ಸುತ್ತಿನ, ಅಂದರೆ 100 ಮಿಲಿಸೆಕೆಂಡಿನ ಸರಾಸರಿ ತೆಗೆದರೆ ಏರಿದ್ದು ಇಳಿದದ್ದು ಹೊಡೆದುಹೋಗುತ್ತದೆ. ಸಣ್ಣ ಕಾಂಟಾಗಳಿಗೆ ಹಾಕುವ ಎಚ್‌ಎಕ್ಸ್ 711 ಎಂಬ ಚಿಪ್‌ನಲ್ಲಿ 128 ಪಟ್ಟಿನ ಆಂಪ್ಲಿಫೈಯರ್, ಅಂಕಿ ಮಾಡುವ ಭಾಗ ಎರಡೂ ಒಂದೇ ಕಡೆ ಇವೆ. ಸೆಕೆಂಡಿಗೆ ಹತ್ತು ಸಲ ಓದುವಂತೆ ಇಟ್ಟರೆ ಅದು ಈ ಗುಂಯ್‌ಗುಟ್ಟುವಿಕೆಯನ್ನು ಒರೆಸಿಹಾಕುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಸಮಯ. ಚೀಲ ಧೊಪ್ಪೆಂದು ಬಿದ್ದ ಗಳಿಗೆಯ ಅಂಕಿ ತೂಕವಲ್ಲ, ನಿಂತ ಮೇಲಿನದು ತೂಕ.

## ಗಂಜ್‌ನಲ್ಲಿ ನಿಂತಾಗ

ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ಕಾಂಟಾವನ್ನು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಬೇಕು. 2009ರ ಕಾಯ್ದೆಯಡಿ ಬಂದ ನಿಯಮಗಳಲ್ಲಿ ಇದಿದೆ. ಮಾಮೂಲಿ ವ್ಯಾಪಾರದ ದರ್ಜೆಯ, 20 ಗ್ರಾಂ ಹೆಜ್ಜೆಯಲ್ಲಿ ತೋರಿಸುವ ಕಾಂಟಾ ಮುದ್ರೆಯ ಹೊತ್ತಿಗೆ 50 ಕಿಲೋದಲ್ಲಿ 30 ಗ್ರಾಂಗಿಂತ ಹೆಚ್ಚು ತಪ್ಪುವಂತಿಲ್ಲ. ಮೈಕ್ರೋವೋಲ್ಟಿನಲ್ಲಿ ಹೇಳಿದರೆ ಒಂದೂವರೆ.

ಆ ದಿನ ಹಿರಿಯರ ಜೊತೆ ಅಡತಿಯವರ ಹತ್ತಿರ ಹೋಗಿ ಮುದ್ರೆ ಇದ್ದ 20 ಕಿಲೋ ಕಲ್ಲು ಕೇಳಿದೆವು. ಅವರು ಬೇಸರ ಮಾಡದೆ ತರಿಸಿದರು. ಮೊದಲು ಸೊನ್ನೆ ಗುಂಡಿ ಒತ್ತಿದರು, 40 ಗ್ರಾಂ ಹೋಯಿತು. ಕಲ್ಲನ್ನು ತಟ್ಟೆಯ ನಡುವೆ ಇಟ್ಟರು, 20.00. ಒಂದು ಮೂಲೆಗೆ ಸರಿಸಿದರು, ಆಗಲೂ 20.00. ಕಲ್ಲು ತೆಗೆದು ಹಮಾಲರು ಚೀಲ ಇಟ್ಟರು. ಅಂಕಿ ಸ್ವಲ್ಪ ಹೊತ್ತು ಓಡಾಡಿ 52.64ಕ್ಕೆ ಬಂದು ನಿಂತಿತು.

ಹಿರಿಯರು ಇನ್ನೊಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ಹೇಳಿದರು, “ಆಯ್ತು, ಬರ್ಕೋರಿ.”